ಬಾವಿಗೆ ಹಾಕಿದ ಜಾಳಿಗೆ

ನನ್ನ ತಮ್ಮ ಬಾವಿಗೆ ಜಾಳಿಗೆ ಹಾಕಿಸಿದ್ದು ತಪ್ಪು ಎಂಬ ಮಾತು ಇವತ್ತಿಗೂ ನನ್ನ ಬಾಯಿಂದ ಬರುವುದಿಲ್ಲ. ಅವನ ಮಗಳಿಗೆ ಆರು ವರ್ಷ. ಆ ಹುಡುಗಿ ಬಾವಿಯ ಕಟ್ಟೆಯ ಮೇಲೆ ಹೊಟ್ಟೆ ಊರಿ, ತಲೆ ಕೆಳಗೆ ಬಾಗಿಸಿ, ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದಳಂತೆ. ದ್ರಾಕ್ಷಿ ತೋಟದಿಂದ ಮನೆಗೆ ಬರುತ್ತಿದ್ದ ತಮ್ಮನಿಗೆ ಕಂಡದ್ದು ಗಾಳಿಯಲ್ಲಿ ಎದ್ದ ಎರಡು ಕಾಲು ಮಾತ್ರ. ಓಡಿ ಹೋಗಿ ಲಂಗ ಹಿಡಿದು ಎಳೆದುಕೊಂಡ. ಫೋನಿನಲ್ಲಿ ನನಗೆ ಇಷ್ಟು ಹೇಳಿ ಇಟ್ಟುಬಿಟ್ಟ.

ನಾನು ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರ, ಬಳೆ ಅಂಗಡಿ ಇಟ್ಟುಕೊಂಡವಳು. ಮರುದಿನ ಅಂಗಡಿಗೆ ಬೀಗ ಹಾಕಿ ತಿಕೋಟಾ ಬಸ್ಸು ಹತ್ತಿದೆ. ಘೋಣಸಗಿಯ ನಮ್ಮ ತೋಟದ ಮನೆ ಮುಟ್ಟುವಷ್ಟರಲ್ಲಿ ಬಾವಿಯ ಹತ್ತಿರ ವೆಲ್ಡಿಂಗ್ ಕಿಡಿ ಹಾರುತ್ತಿತ್ತು. ತಮ್ಮ ಯಾರನ್ನೂ ಕೇಳಿರಲಿಲ್ಲ. ಬಾವಿಯ ಬಾಯಿಯ ಮೇಲೆಲ್ಲ ಬೆರಳು ತೂರದಂಥ ಕಬ್ಬಿಣದ ಜಾಳಿಗೆ, ಮೆಟ್ಟಿಲಿನ ಕಡೆಗೆ ಅದೇ ಜಾಳಿಗೆಯ ಗೇಟು, ಗೇಟಿಗೆ ಬೀಗ. ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ ಮೇಲೆಯೇ ಅವನು ನೀರು ಕುಡಿದದ್ದು.

ಅದು ಅಜ್ಜನ ಕಾಲದ ಕಲ್ಲಿನ ಬಾವಿ. ಮೆಟ್ಟಿಲು ಇಳಿದು ಹೋದರೆ ಒಂದು ಕಮಾನು. ನಾವು ಸಣ್ಣವರಿದ್ದಾಗ ಕಮಾನಿನಿಂದ ಬಹಳ ಕೆಳಗೆ ಒಂದಿಷ್ಟು ನೀರು ಇರುತ್ತಿತ್ತು. ಈಚೆಗೆ ಕಾಲುವೆ ಬಂದ ಮೇಲೆ ನೀರು ಏರಿ, ಈಗ ಮೆಟ್ಟಿಲನ್ನೇ ಮುಟ್ಟಿ ನಿಂತಿದೆ. ಕಮಾನಿನ ಒಳಗೆ, ಕಲ್ಲಿನ ಸಂದುಗಳಲ್ಲಿ, ಬಾವಲಿಗಳು. ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲ. ಮುಷ್ಟಿಯಲ್ಲಿ ಅಡಗುವಷ್ಟು ಸಣ್ಣವು, ಹುಳ ಹಿಡಿದು ಬದುಕುವಂಥವು.

ನಮ್ಮ ಅವ್ವನಿಗೆ ಅವು ಮನೆಯ ದನಕರುಗಳ ಲೆಕ್ಕದಲ್ಲೇ ಸೇರಿದ್ದವು. ಬೇಸಿಗೆಯಲ್ಲಿ ಬುಟ್ಟಿ ಹಿಡಿದು ಮೆಟ್ಟಿಲಿಳಿದು, ಕಮಾನಿನ ಕೆಳಗೆ ಬಿದ್ದ ಹಿಕ್ಕಿಯನ್ನು ಕೆರೆದು ತಂದು ನಿಂಬೆ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಆ ಗಿಡಗಳ ನಿಂಬೆಕಾಯಿ ನೋಡಿ ತಿಕೋಟಾ ಸಂತೆಯಲ್ಲಿ ಹೆಂಗಸರು ಕೈ ಹಾಕಿ ಆರಿಸುತ್ತಿದ್ದರು. ಸಂಜೆ ಬಾವಲಿ ಹೊರಬಿದ್ದವೆಂದರೆ ಅಂಗಳದಲ್ಲಿ ದೀಪದ ಕೆಳಗೆ ಕುಳಿತು ಊಟ ಮಾಡಬಹುದು; ತಾಟಿನಲ್ಲಿ ಹುಳ ಬೀಳುವುದಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಬಾಲ ಬಡಿಯುವುದಿಲ್ಲ. ತೊಗರಿ ಹೂಬಿಟ್ಟಾಗ ಅವು ಹೊಲದ ಮೇಲೆ ಸುತ್ತುವುದನ್ನು ಅವ್ವ ತೋರಿಸಿ, "ನೋಡ್, ಎಣ್ಣಿ ಹೊಡಿಯಾಕ ಬಂದಾರ ನಮ್ಮ ಆಳಗೋಳು" ಎಂದು ನಗುತ್ತಿದ್ದಳು; ನಮ್ಮ ಕಡೆ ಕೀಟನಾಶಕಕ್ಕೂ ಎಣ್ಣೆ ಎಂದೇ ಹೆಸರು. ಪಟ್ಟಣದಲ್ಲಿ ದಿನಾ ಸೊಳ್ಳೆಬತ್ತಿ ಹಚ್ಚುವ ನನಗಂತೂ, "ಒಂದ ನಾಕ ಕರ್ಕೊಂಡ ಹೋಗ ಬೇ, ನಿನ್ನ ಗಂಡನ ತಲಿ ಮ್ಯಾಲ ಬಿಡು" ಎಂದು ಚೇಷ್ಟೆ.

ಅವತ್ತು ವೆಲ್ಡಿಂಗಿನವರು ಹೋದ ಮೇಲೆ ಸಂಜೆ ಇಳಿಯಿತು. ನಾನು ಅಂಗಳ ಗುಡಿಸುತ್ತಿದ್ದೆ. ಬಾವಿಯ ಕಡೆಯಿಂದ ಯಾರೋ ಹಸಿ ಅರಿವೆ ಝಾಡಿಸಿದ ಹಾಗೆ ಸದ್ದು ಬಂತು. ಅವ್ವ ಒಳಗಿನಿಂದ ಓಡಿ ಬಂದಳು. ಇಬ್ಬರೂ ಹೋಗಿ ಬಗ್ಗಿ ನೋಡಿದೆವು. ಬಾವಲಿಗಳು ಮೇಲೆ ಬರುತ್ತಿದ್ದವು, ಜಾಳಿಗೆ ಬಡಿದು ಕೆಳಗೆ ಹೋಗುತ್ತಿದ್ದವು, ಮತ್ತೆ ಬರುತ್ತಿದ್ದವು. ಕೆಲವು ಜಾಳಿಗೆಗೇ ತೂಗಿ ಬಿದ್ದು ಬಾಯಿ ತೆರೆಯುತ್ತಿದ್ದವು. ಒಂದರ ಎದೆಗೆ ಬೆರಳಷ್ಟು ಮರಿ ಅಂಟಿಕೊಂಡಿತ್ತು. ಅಯ್ಯೋ ಶಿವನೇ!

"ಲೇ, ಕೀಲಿ ಕೊಡು," ಎಂದಳು ಅವ್ವ, ಹಿಂದೆ ಬಂದು ನಿಂತಿದ್ದ ತಮ್ಮನಿಗೆ.

"ಕೊಡಂಗಿಲ್ಲ."

"ನಿಂಬಿ ಮಾರಿ ನಿನ್ನ ಸಾಲಿ ಕಲಿಸೇನಲೇ ಯಪ್ಪಾ. ಇವುಗಳ ಋಣಾ ಅದ ನಿನ್ನ ಮ್ಯಾಲ."

"ಅವ್ವಾ, ಅಕಿ ಕಾಲ ಎರಡೂ ಮ್ಯಾಲ ಇದ್ದುವು. ನೀ ನೋಡಿಲ್ಲ. ನಾ ನೋಡೇನಿ."

ನಾನೇ ಬಾಯಿ ಹಾಕಿದೆ: "ಜಾಳಿಗಿ ಬದಲಿ ಕಬ್ಬಿಣದ ಸರಳ ಹಾಕಸಬೇಕಿತ್ತಲ್ಲೋ, ಹಾದು ಹೋಗ್ತಿದ್ದುವು."

"ಬಾವಲಿ ಹಾಯೂ ಸಂದಿನ್ಯಾಗ ಅಕಿ ಕಾಲೂ ಹಾಯ್ತದಕ್ಕಾ," ಎಂದ. ಸದ್ದು ನಿಲ್ಲಲಿಲ್ಲ. ಅವನೂ ಕೇಳಿಸಿಕೊಳ್ಳುತ್ತಲೇ ನಿಂತಿದ್ದ. ಕಡೆಗೆ ಹಲ್ಲು ಕಚ್ಚಿ ಬೀಗ ತೆಗೆದ; ಮೆಟ್ಟಿಲಿನ ಮೇಲೆ ತಾನೇ ಇಳಿದು ಗೋಡೆಗೆ ಆತು ನಿಂತ. ಬಾವಲಿಗಳು ಅವನ ಕಿವಿ ಪಕ್ಕದಿಂದ ಹಾದು ಹೊರಗೆ ಹೋದವು.

ಅಂದಿನಿಂದ ಅದೊಂದು ಪಾಳಿಯಾಯಿತು. ಸಂಜೆ ತಮ್ಮ ಗೇಟು ತೆರೆದು ಮಗಳು ಮಲಗುವವರೆಗೆ ಅಲ್ಲೇ ಕೂರುವುದು, ರಾತ್ರಿಯೆಲ್ಲ ತೆರೆದಿಡುವುದು, ನಸುಕಿನಲ್ಲಿ ಅವು ಒಳಸೇರಿದ ಮೇಲೆ ಅವ್ವ ಮುಚ್ಚುವುದು. ಇಬ್ಬರಿಗೂ ಬೇಕಾಗುವುದರಿಂದ ಕೀಲಿ ಬಾಗಿಲ ಪಕ್ಕದ ಮೊಳೆಗೆ ಬಂತು. ಬಾವಲಿಗಳು ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತಿದ್ದವು. ಬಾವಿಯ ಬಾಯಿಯಿಂದ ನೇರ ಏಳುವ ರೂಢಿಯವು, ಆ ಮೂಲೆಯ ಗೇಟನ್ನು ಎಲ್ಲವೂ ಹುಡುಕಿಕೊಳ್ಳಲಿಲ್ಲ. ಕೆಲವು ಸತ್ತು ನೀರಿನಲ್ಲಿ ತೇಲಿದವು. ಆ ಹಂಗಾಮಿನಲ್ಲಿ ದೀಪದ ಸುತ್ತ ಪತಂಗ ಮುತ್ತಿ ಒಳಗೆ ಕುಳಿತು ಉಣ್ಣುವ ಹಾಗಾಯಿತು. ತೊಗರಿಯಲ್ಲಿ ಕೀಡೆ ಬಿತ್ತು. ಕೀಡೆಗೆ ಬೇರೆ ಕಾರಣವೂ ಇರಬಹುದು, ನನಗೇನು ಗೊತ್ತು. ತಮ್ಮ ಎಣ್ಣೆ ಡಬ್ಬಿ ಬೆನ್ನಿಗೆ ಹೊತ್ತು ಹೊಡೆದದ್ದೇ ಹೊಡೆದದ್ದು, ಆ ವಾಸನೆಗೆ ಅವನ ಕಣ್ಣುಗಳು ಕೆಂಪಾಗಿರುತ್ತಿದ್ದವು.

ಮುಂದೊಂದು ಅಮಾವಾಸ್ಯೆಗೆ ನಾನು ಹೋಗಿದ್ದೆ. ಅವತ್ತು ಬಬಲೇಶ್ವರಕ್ಕೆ ಹೋದ ತಮ್ಮನ ಬೈಕು ದಾರಿಯಲ್ಲಿ ಪಂಚರ್. ಅವ್ವ ರೊಟ್ಟಿ ಬಡಿಯುತ್ತಿದ್ದಳು, ತಮ್ಮನ ಹೆಂಡತಿ ಎಮ್ಮೆ ಹಿಂಡುತ್ತಿದ್ದಳು. ಹುಡುಗಿ ಅವರ ಹತ್ತಿರ ಇರಬೇಕೆಂದು ನಾನು, ನನ್ನ ಹತ್ತಿರ ಎಂದು ಅವರು. ಬೆಳಕು ಕರಗುವಾಗ ನನ್ನ ಕಣ್ಣು ಬಾಗಿಲಿಗೆ ಹೋಯಿತು. ಮೊಳೆ ಖಾಲಿ. ಕೆಳಗೆ ಒಂದು ಸ್ಟೂಲು.

ಹೇಗೆ ಓಡಿದೆನೋ. ಗೇಟು ತೆರೆದಿತ್ತು. ಹುಡುಗಿ ಮೆಟ್ಟಿಲಿಳಿದು, ಅಪ್ಪನ ಹಾಗೆಯೇ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಕಾಲ ಬುಡದಲ್ಲೇ ನೀರು.

"ಶ್! ಅತ್ತೀ, ಒದರಬ್ಯಾಡ, ಹೆದರ್ತಾವ," ಎಂದಳು. "ಅಪ್ಪ ಬಂದಿಲ್ಲಲಾ, ಹಸ್ದಾವ ಪಾಪ."

ಎತ್ತಿಕೊಂಡು ಮೇಲೆ ಬಂದು ಕಪಾಳಕ್ಕೆ ಒಂದು ಬಿಟ್ಟೆ, ಆಮೇಲೆ ತಬ್ಬಿಕೊಂಡು ನಾನೇ ಅತ್ತುಬಿಟ್ಟೆ.

ತಮ್ಮ ಬಂದಾಗ ಅವನ ಹೆಂಡತಿ ಅಂಗಳದ ನಡುವೆ ನಿಂತು ಕೂಗಿದಳು: "ನಿಮ್ಮ ಪುಣ್ಯಾ ನೀವ ಕಟ್ಕೋರಿ! ನಾಳಿಗೇ ಆ ಗೇಟಿಗೂ ವೆಲ್ಡಿಂಗ್ ಹೊಡಸ್ರಿ. ಇಲ್ಲಂದ್ರ ನಾ ಮಗಳನ್ನ ಕರ್ಕೊಂಡು ತವರಮನಿಗೆ ಹೋಗಾಕಿ." ಈ ಸಲ ಅವ್ವ ಬಾವಲಿಗಳ ಪರವಾಗಿ ಒಂದು ಮಾತೂ ಆಡಲಿಲ್ಲ. ತಮ್ಮ ಊಟ ಮಾಡದೆ ಮಲಗಿದ.

ಬೆಳಗ್ಗೆ ಅವನು ವೆಲ್ಡಿಂಗಿನವನಿಗೆ ಫೋನು ಹಚ್ಚಲಿಲ್ಲ. ಒಂದು ಖಾಲಿ ಅಡಿಗೆ ಎಣ್ಣೆ ಕ್ಯಾನು, ಒಂದು ಹಗ್ಗ ತಂದ. ನಮ್ಮ ಕಡೆ ಮಕ್ಕಳು ಈಜು ಕಲಿಯುವುದೇ ಹಾಗೆ, ಮುಳುಗದ ಹಾಗೆ ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡು.

"ಈಜ ಕಲೀಲಿ," ಎಂದ ಹೆಂಡತಿಗೆ. "ಕಲಿತ ದಿವಸ ಜಾಳಿಗಿ ಕಿತ್ತ ಒಗಿತೀನಿ. ಅಲ್ಲೀತನಾ ಕೀಲಿ ನನ್ನ ಕಡೆ."

ಅವಳು ಹಿಂದೆಯೇ ಬಾವಿಗೆ ಬಂದು, ಜಾಳಿಗೆಯ ಮೇಲೆ ಎರಡೂ ಕೈ ಊರಿ ಕೆಳಗೆ ನೋಡುತ್ತ ನಿಂತಳು. ಹುಡುಗಿಯ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನನ್ನ ಕೈಗೆ ಬಂತು. ತಮ್ಮ ಎದೆಮಟ್ಟದ ನೀರಿನಲ್ಲಿ ಮೆಟ್ಟಿಲಿನ ಮೇಲೆ ನಿಂತು ಮಗಳನ್ನು ಅಂಗೈ ಮೇಲೆ ಮಲಗಿಸಿಕೊಂಡ. ಕಮಾನಿನಲ್ಲಿ ಅಲ್ಲೊಂದು ಇಲ್ಲೊಂದು ಬಾವಲಿ ಉಳಿದಿತ್ತು. ಹುಡುಗಿ ಮೊದಲು ಚೀರಿದಳು, ನೀರು ಕುಡಿದಳು, ಕೆಮ್ಮಿದಳು. ಆಮೇಲೆ ಕೈಕಾಲು ಬಡಿಯುವುದು ತಿಳಿಯಿತು.

"ಅಪ್ಪಾ, ಕೈ ತಗಿ ಈಗ," ಎಂದಳು.

"ಹ್ಞಾಂ ಹ್ಞಾಂ, ತಗೀತೀನಿ," ಎಂದ ತಮ್ಮ.

ನಾನು ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ. ಹುಡುಗಿ ಮತ್ತೆ ಮತ್ತೆ ಕೇಳಿದಳು. ಅವತ್ತೂ ತೆಗೆಯಲಿಲ್ಲ ಅವನು, ಮರುದಿನವೂ ತೆಗೆಯಲಿಲ್ಲ. ಜಾಳಿಗೆ ಇನ್ನೂ ಬಾವಿಯ ಮೇಲಿದೆ.