ಚಿಕ್ಕಜ್ಜಿಯನ್ನು ಕದಿಯುವವರು ಬೇಕು

ರಿವಾಲ್‌ಗೆ ಕುಣಿಯಲು ಬರುತ್ತದೆ ಎಂದು ಹೇಳಿದ್ದು ಜಗತ್ತಿನಲ್ಲಿ ಒಬ್ಬಳೇ, ಅವನ ಅಜ್ಜಿಯ ತಂಗಿ ಫಾಂತ್. ಅದೂ ಕಣ್ಣಿನ ಪೊರೆ ತೆಗೆಸುವುದಕ್ಕೆ ಮೊದಲು. ಅವನು ಸೂಪರ್ ಮಾರ್ಕೆಟಿನ ಮೀನಿನ ಕಟ್ಟೆಯ ಹಿಂದೆ ಮಂಜುಗಡ್ಡೆ ಸುರಿದು, ಮೀನು ಕತ್ತರಿಸಿ ಕೊಡುವ ಸಂಬಳದಾಳು. ವಾರವಿಡೀ ಬಂಗುಡೆಗಳನ್ನೇ ನೋಡಿ ನೋಡಿ, ಮನುಷ್ಯರ ಮುಖ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು.

ಆದರೂ ಆಗಸ್ಟಿನಲ್ಲಿ, ಸೇಂಟ್ ಲೂ ಹಬ್ಬದ ಕೊನೆಯ ಸಂಜೆ, ಗೆಂಗಾಂ ಪಟ್ಟಣವೆಲ್ಲ ಜೋಡಿ ಜೋಡಿಯಾಗಿ ಮೆರವಣಿಗೆ ಹೊರಟು ದೆರೊಬೇ ಕುಣಿಯುವಾಗ ಅವನೂ ಇರುತ್ತಿದ್ದ, ಚಿಕ್ಕಜ್ಜಿಯ ಕೈ ಹಿಡಿದು. ದೆರೊಬೇ ಎಂದರೆ ಕದಿಯುವ ಕುಣಿತ. ಜೋಡಿಯಿಲ್ಲದ ಗಂಡಸರು ಮೆರವಣಿಗೆಯ ನಡುವೆ ಒಂಟಿಯಾಗಿ ನಡೆಯುತ್ತಾರೆ. ವಾದ್ಯ ವರಸೆ ಬದಲಿಸಿದ ಕೂಡಲೇ ಯಾರದೋ ಜೊತೆಗಾತಿಯನ್ನು ಎಗರಿಸುತ್ತಾರೆ. ಕಳೆದುಕೊಂಡವನು ಮುಖ ಗಂಟಿಕ್ಕುವಂತಿಲ್ಲ. ಇನ್ನು ಮೇಲೆ ಅವನೇ ಕಳ್ಳ.

ಫಾಂತ್ ಬದುಕಿನ ದಿಕ್ಕು ತಿರುಗಿದ್ದೂ ಇದರಿಂದಲೇ. ಬೇಸಿಗೆಯಲ್ಲಿ ಹೊಲದಂಚಿಗೆ ಕೂತು ಬೀನ್ಸ್ ಕಾಳು ಸುಲಿಯುತ್ತಿದ್ದ ಹುಡುಗಿಗೆ ರೊಟ್ಟಿ ಅಂಗಡಿಯವರ ಮಗನ ಜೊತೆ ಮದುವೆ ಗೊತ್ತಾಗಿತ್ತು. ಅವನೊಂದಿಗೆ ಕುಣಿಯುತ್ತಿದ್ದವಳನ್ನು ರೈಲ್ವೆಯ ಲೊಯಿಜ್ ಕದ್ದ. ಆ ಸಂಜೆಯೆಲ್ಲ ಯಾರಿಗೂ ಬಿಟ್ಟುಕೊಡಲಿಲ್ಲ. ಆಮೇಲೆ ಸಾಯುವವರೆಗೂ ಬಿಟ್ಟುಕೊಡಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಸೂಪು ಬಡಿಸುತ್ತಲೇ ಅವಳಿಗೆ ವಯಸ್ಸಾಯಿತು. ಅರ್ಧ ಊರು ಅವಳ ಸೌಟಿನ ಋಣದಲ್ಲಿತ್ತು.

ಲೊಯಿಜ್ ಹೋದ ಮೇಲೆ ರಿವಾಲ್ ಜೊತೆಗಾರನಾದ. ಅಂದಿನಿಂದ ಫಾಂತಳನ್ನು ಒಬ್ಬ ಕಳ್ಳನೂ ಮುಟ್ಟಲಿಲ್ಲ. ಹತ್ತಿರ ಬರುತ್ತಾರೆ, ಟೋಪಿ ತೆಗೆಯುತ್ತಾರೆ, ಮುಂದಿನ ಸಾಲಿಗೆ ಹೋಗುತ್ತಾರೆ.

ಈ ವರ್ಷ ಮಂಡಿಯ ಡಾಕ್ಟರು ಇನ್ನು ಕುಣಿತ ಸಾಕು ಎಂದಿದ್ದರು. ಬೂಟಿನ ದಾರ ಬಿಗಿಯುತ್ತಾ ಫಾಂತ್ ಅಂದಳು: "ಇದೇ ಕೊನೇದು ಕಣೋ. ಒಂದ್ಸಲ ಯಾರಾದ್ರೂ ಕದ್ರೆ ಸಾಕಿತ್ತು. ಇವ್ರು ಟೋಪಿ ತೆಗೆಯೋದು ನೋಡಿದ್ರೆ ನನ್ನ ಹೆಣಾನೇ ಮೆರವಣಿಗೇಲಿ ಹೋಗ್ತಿದೆ ಅನ್ಸುತ್ತೆ."

ಆ ಮಾತು ರಿವಾಲ್‌ಗೆ ಮುಳ್ಳಿನಂತೆ ಚುಚ್ಚಿತು. ಅವನು ತನ್ನ ಬುದ್ಧಿಮಟ್ಟಕ್ಕೆ ತಕ್ಕ ಉಪಾಯ ಮಾಡಿದ. ಮೀನಿನ ಕಟ್ಟೆಯಲ್ಲಿ ಜೊತೆಗೆ ಕೆಲಸ ಮಾಡುವ ತುದಿ ಎಂಬ ಹುಡುಗನನ್ನು ಹಿಡಿದು, "ನೀನು ಬಂದು ಕದಿ. ನಿನ್ನ ಭಾನುವಾರದ ಪಾಳಿ ನನಗಿರ್ಲಿ" ಎಂದ.

"ನಿಮ್ಮಜ್ಜಿ ನಂಗೆ ಸೌಟಲ್ಲಿ ಹೊಡೆದಿದ್ದಾರೆ ಮಾರಾಯ."

"ಸೇಡು ತೀರಿಸ್ಕೊ."

ಬೊಂಬಾರ್ಡ್ ಪೀಪಿಗಳು ವಾಲಗದ ಹಾಗೆ ಮೊಳಗಿದವು. ಮೆರವಣಿಗೆ ಕಾರಂಜಿ ಚೌಕ ದಾಟುವಾಗ ತುದಿ ಬೆವರುತ್ತಾ ಬಂದು ಫಾಂತಳ ಕೈ ಹಿಡಿದ. ರಿವಾಲ್ ಅಯ್ಯೋ ಎಂಬಂತೆ ಮುಖ ಮಾಡಿ ನಡುವಿಗೆ ಸರಿದ. ನಟನೆಯೂ ಅವನ ಕುಣಿತದಷ್ಟೇ ಚೆನ್ನಾಗಿತ್ತು.

"ನೀನು ಮೀನಿನ ಕಟ್ಟೆಯವನಲ್ವಾ?" ಫಾಂತ್ ಕೇಳಿದ್ದು ಅವನಿಗೂ ಕೇಳಿಸಿತು. "ಏನು ಆಸೆ ತೋರಿಸ್ದ ನಿಂಗೆ?"

"ಭಾನುವಾರದ ಪಾಳಿ, ಅಮ್ಮಾ."

"ಒಂದೇ ಪಾಳಿನಾ? ಜಿಪುಣ."

ನಕ್ಕಳೇನೋ ಹೌದು, ಮುಖ ಮಾತ್ರ ಇಳಿದುಹೋಯಿತು. ಹೇಳಿಸಿ ಮಾಡಿಸಿದ ಕಳವು ಕಳವಲ್ಲ, ಅದು ಸಾಮಾನು ಸಾಗಿಸಿದ ಹಾಗೆ. ಮೀನು ಮಾರುವವನಿಗೆ ಇಷ್ಟು ಗೊತ್ತಿರಬೇಕಿತ್ತು. ರಿವಾಲ್ ತಲೆ ತಗ್ಗಿಸಿ ನಡೆದ.

ಅಷ್ಟರಲ್ಲಿ, ಮೂರ್ನಾಲ್ಕು ಹಬ್ಬಗಳಿಂದ ನಡುವೆಯೇ ಒಂಟಿಯಾಗಿ ನಡೆಯುತ್ತಿದ್ದ ಮುದಿ ಕಟುಕ ಜೋಬಿಗ್ ಇದನ್ನು ನೋಡಿದ. ಅಜ್ಜಿಯನ್ನು ಒಬ್ಬ ಪೋರ ಕದ್ದಿದ್ದಾನೆ, ಆಕಾಶ ಕಳಚಿ ಬಿದ್ದಿಲ್ಲ. ವಾದ್ಯ ತಿರುಗಿದ್ದೇ ತಡ, ತುದಿಯನ್ನು ಹೆಗಲಿಂದ ಒತ್ತರಿಸಿ ಫಾಂತಳ ಕೈಗೆ ಕೈ ಹಾಕಿದ.

"ಲೊಯಿಜ್ ಏನಂದ್ಕೋತಾನೋ ಅಂತ ಇಷ್ಟು ವರ್ಷ ಸುಮ್ನಿದ್ದೆ ಫಾಂತ್."

"ಅವನೂ ಕದ್ದೇ ತಂದಿದ್ದು ಕಣಯ್ಯ. ಅವನದೇನು ದೊಡ್ಡ ಮಾತು?"

ಆಮೇಲೆ ಅಂಚೆಯವನು ಕದ್ದ. ಅವನಿಂದ ಬೊಂಬಾರ್ಡಿನವನ ತಮ್ಮ ಕದ್ದ. ಟೋಪಿಗಳು ತಲೆಯ ಮೇಲೇ ಉಳಿದವು. ಫಾಂತಳ ಮಂಡಿ ನೋಯುತ್ತಿದ್ದಿರಬೇಕು, ಅವಳು ಅದನ್ನು ಯಾರಿಗೂ ತೋರಗೊಡಲಿಲ್ಲ.

ರಿವಾಲ್ ಮಾತ್ರ ನಡುವೆಯೇ ಉಳಿದ. ಎರಡೂ ಕಡೆ ಜೋಡಿಗಳು, ತನ್ನ ಕೈ ಖಾಲಿ. ಆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯದು. ಚಿಕ್ಕಜ್ಜಿಗೆ ತಾನು ಊರುಗೋಲು ಎಂದು ಇಷ್ಟು ದಿನ ಬೀಗುತ್ತಿದ್ದ. ಅವಳ ಪಕ್ಕದಲ್ಲಿದ್ದರೆ ತನ್ನ ಜೋಡಿಯನ್ನು ಯಾರೂ ಕದಿಯುವುದಿಲ್ಲ, ತಾನೂ ಹೋಗಿ ಇನ್ನೊಬ್ಬಳ ಎದುರು ಕೈ ಚಾಚಬೇಕಿಲ್ಲ. ಹಾಗಾದರೆ ಯಾರು ಯಾರನ್ನು ಆತುಕೊಂಡಿದ್ದರು?

ತಡೆಯಲಾರದೆ ಅವಳ ಬಳಿಗೇ ಓಡಿದ. "ಬಾ ಚಿಕ್ಕಜ್ಜಿ, ಸಾಕು, ಕಾಲು ನೋಯುತ್ತೆ."

"ನಾನೀಗ ಕದ್ದ ಮಾಲು. ವಾಪಸ್ ಕೊಡೋ ಪದ್ಧತಿ ಇಲ್ಲ," ಎಂದು ಫಾಂತ್ ಕೈ ಹಿಂದಕ್ಕೆ ಎಳೆದುಕೊಂಡಳು. "ನನ್ನ ಕಾಲಿನ ಮಾತು ಬಿಡು. ನಿನ್ನ ಕಾಲಿಗೇನಾಗಿದೆ? ಹೋಗೋ."

ಹೋದ. ಎದುರಿಗೆ ಸಿಕ್ಕ ಸಾಲಿನಲ್ಲಿ, ನೆಲ ನೋಡುತ್ತಲೇ, ಯಾವುದೋ ನೀಲಿ ಬೂಟಿನವಳ ಕಡೆ ಕೈ ಚಾಚಿದ. ಆ ಕೈ ಅವಳ ಬೆರಳುಗಳನ್ನು ಹಿಡಿದುಕೊಂಡಿತು.

"ಶುಕ್ರವಾರ ಶುಕ್ರವಾರ 'ತಲೆ ತೆಗೀಲಾ, ಇರ್ಲಾ' ಅಂತ ಕೇಳೋರು ನೀವೇ ಅಲ್ವಾ?" ಎಂದಳು ನೀಲಿ ಬೂಟಿನವಳು. "ಬಂಗುಡೆ ಜೊತೆ ಮಾತಾಡ್ತೀರೋ ನನ್ನ ಜೊತೆಗೋ ಅಂತ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

ದನಿ ಗುರುತು ಸಿಕ್ಕಿತು, ಮುಖ ಗೊತ್ತಿರಲಿಲ್ಲ. ಅವನು ಅವಳ ಕಾಲು ತುಳಿದ.

"ಬೂಟು ನೋಡ್ಬೇಡ ಕಣೋ," ಹಿಂದಿನಿಂದ ಚಿಕ್ಕಜ್ಜಿಯ ದನಿ ಬಂತು.

ರಿವಾಲ್ ತಲೆ ಎತ್ತಿದ.