ಒಳಗೆ ಬಿಟ್ಟ ಬಟ್ಟೆ

ಆ ಬೀದಿಯ ಟೈಲರ್ ಹಿಡಿದು ಹೊಲಿದ ಪ್ಯಾಂಟನ್ನು ನೋಡಿ, ಇದು ಮೊದಲು ದೊಡ್ಡದಿತ್ತು ಎಂದು ಹೇಳುವವನು ಇನ್ನೂ ಹುಟ್ಟಿರಲಿಲ್ಲ. ಬೇರೆಯವರು ಸೊಂಟ ಹಿಡಿದು ಚಿಕ್ಕದು ಮಾಡಿದರೆ ಹಿಂದಿನ ಜೇಬುಗಳೆರಡೂ ಜಗಳ ಮುಗಿದ ಗಂಡ ಹೆಂಡಿರ ಹಾಗೆ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಇವನು ಜೇಬನ್ನೇ ಬಿಚ್ಚಿ, ಸರಿಸಿ, ಮತ್ತೆ ಕೂರಿಸುತ್ತಿದ್ದ. ಇನ್ನೊಂದು ಹಟವೂ ಇತ್ತು. ಮಿಕ್ಕ ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಒಳಗೇ ಮಡಚಿ ಹೊಲಿಯುತ್ತಿದ್ದ. "ಮನುಷ್ಯ ಇವತ್ತು ಸಣ್ಣ ಆಗ್ತಾನೆ, ನಾಳೆ ದಪ್ಪ ಆಗ್ತಾನೆ. ಕತ್ತರಿಸಿಬಿಟ್ರೆ ಆಮೇಲೆ ಎಲ್ಲಿಂದ ತರೋದು?" ಎನ್ನುತ್ತಿದ್ದ. ಇಂಥ ಒಳ್ಳೆಯ ಕೈಯೇ ಸ್ವಂತ ಅಣ್ಣನಿಗೆ ಮುಳುವಾಯಿತು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನಡೆದದ್ದಂತೂ ಅದೇ.

ಅಣ್ಣ ಲಿಫ್ಟ್ ಮೆಕ್ಯಾನಿಕ್. ಚಿಕ್ಕಂದಿನಿಂದ ತುಂಬಿದ ಮೈ, ತುಂಬಿದ ನಗು. ಕೆಲಸದಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ, ಎಲ್ಲರ ಬಾಯಲ್ಲೂ ಡ್ರಮ್ಮಣ್ಣ. ಅದಕ್ಕೂ ಅವನು ನಗುತ್ತಲೇ ಓಗೊಡುತ್ತಿದ್ದ. ಒಮ್ಮೆ ಹೊಸ ಕಟ್ಟಡವೊಂದರಲ್ಲಿ ಇವನೇ ಕೂರಿಸಿದ ಲಿಫ್ಟನ್ನು ಮೊದಲ ಸಲ ಓಡಿಸುವ ದಿನ ಬಂತು. ಕಟ್ಟಡದ ಮಾಲೀಕರು, ಅವರ ಹೆಂಡತಿ, ಮಕ್ಕಳು, ಅಣ್ಣನ ಕಂಪನಿಯ ಮ್ಯಾನೇಜರು, ಹೂಗುಚ್ಛ ಹಿಡಿದ ನಾಲ್ಕಾರು ಜನ, ಎಲ್ಲರೂ ಹತ್ತಿ ನಿಂತರು. "ನೀನೂ ಬಾರಯ್ಯ" ಎಂದರು. ಅಣ್ಣ ಒಂದು ಕಾಲು ಒಳಗಿಟ್ಟ. ಭಾರ ಹೆಚ್ಚಾಯಿತೆಂದು ಗಂಟೆ ಹೊಡೆದುಕೊಂಡಿತು. ಮೊದಲು ಹತ್ತಿದವರ ಭಾರವನ್ನು ಯಾರೂ ಕೇಳಲಿಲ್ಲ. ಕೊನೆಗೆ ಕಾಲಿಟ್ಟವನದೇ ತಪ್ಪಾಯಿತು. ಮಾಲೀಕರ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಮ್ಮ ಡ್ರಮ್ಮಣ್ಣನ್ನ ಲಿಫ್ಟೂ ಗುರುತು ಹಿಡೀತು ನೋಡಿ" ಎಂದ ಮ್ಯಾನೇಜರ್. ಎಲ್ಲರಿಗಿಂತ ಜೋರಾಗಿ ನಕ್ಕವನು ಅಣ್ಣನೇ. ಕಾಲು ಹಿಂದಕ್ಕೆ ತೆಗೆದು, ಮೆಟ್ಟಿಲು ಹತ್ತಿ ಮೇಲೆ ಹೋದ. ಅಂದಿನಿಂದ ಅವನು ಬಾಯಿ ಕಟ್ಟಿದ, ಊಟ ಬಿಡತೊಡಗಿದ.

ಮೊದಮೊದಲು ಎಲ್ಲರಿಗೂ ಖುಷಿಯೋ ಖುಷಿ. ಮ್ಯಾನೇಜರ್ ಬೆನ್ನು ತಟ್ಟಿದ. ನೆರೆಹೊರೆಯವರು ಗುಟ್ಟೇನೆಂದು ಕೇಳಿದರು. ಟೈಲರಂತೂ ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ: "ನಮ್ಮಣ್ಣನ್ನ ನೋಡಿ ಕಲೀರಿ. ಗಂಡಸು ಅಂದ್ರೆ ಹಾಗಿರ್ಬೇಕು, ಮನಸ್ಸು ಮಾಡಿದ್ರೆ ಮುಗೀತು." ಒಬ್ಬ ಮನುಷ್ಯ ಎಲ್ಲರ ಕಣ್ಣೆದುರೇ ಕರಗುತ್ತಿದ್ದ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಇದೇ ಕೆಲಸವನ್ನು ಒಬ್ಬ ಹುಡುಗಿ ಮಾಡಿದ್ದರೆ ಮನೆಯಲ್ಲಿ ಯಾರಾದರೂ ಏನಾಯಿತೆಂದು ಕೇಳುತ್ತಿದ್ದರೇನೋ. ಗಂಡಸು ಉಣ್ಣದಿದ್ದರೆ ಅದು ಶಿಸ್ತು.

ಅಂಗಡಿ ಖಾಲಿಯಿರುವ ಮಧ್ಯಾಹ್ನ ನೋಡಿಕೊಂಡು ಅಣ್ಣ ಬರುತ್ತಿದ್ದ. ಕಂಕುಳಲ್ಲೊಂದು ಕೈಚೀಲ, ಅದರಲ್ಲಿ ಯೂನಿಫಾರ್ಮಿನ ಪ್ಯಾಂಟು, ಅಂಗಿ.

"ಸ್ವಲ್ಪ ಹಿಡಿ."

"ಹೋದ ತಿಂಗಳು ತಾನೇ ಹಿಡಿದೆನಲ್ಲೋ?"

"ಇನ್ನೂ ಸ್ವಲ್ಪ. ನಿಮ್ಮತ್ತಿಗೆಗೆ ಹೇಳ್ಬೇಡ, ಸುಮ್ನೆ ಗಾಬರಿ ಆಗ್ತಾಳೆ."

ಟೈಲರ್ ಹೇಳಲಿಲ್ಲ. ಅಣ್ಣ ನಂಬಿ ಒಂದು ಮಾತು ಒಪ್ಪಿಸಿದ್ದಾನೆ, ಅದನ್ನು ಕಾಪಾಡುವುದೇ ದೊಡ್ಡಸ್ತಿಕೆ ಎಂದುಕೊಂಡ. ಬರುಬರುತ್ತಾ ಭುಜದ ಮೂಳೆ ಅಂಗಿಯಲ್ಲಿ ಎದ್ದು ಕಾಣತೊಡಗಿದಾಗ, ಯಾರೂ ಕೇಳದೆಯೇ ಒಳಗೆ ತೆಳ್ಳನೆಯ ಪ್ಯಾಡ್ ಇಟ್ಟು ಹೊಲಿದ. ಎದೆಯ ಭಾಗಕ್ಕೆ ದಪ್ಪ ಅಸ್ತರ್ ಕೊಟ್ಟ. ಟೇಪು ಸುತ್ತುವಾಗ ಅಣ್ಣನ ಕೈ ತಣ್ಣಗಿರುತ್ತಿತ್ತು, ಬಿಸಿಲಲ್ಲೂ ಒಳಗೊಂದು ಸ್ವೆಟರ್ ಇರುತ್ತಿತ್ತು. ಅದೆಲ್ಲ ಟೈಲರ್ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವನ ತಲೆಯಲ್ಲಿದ್ದದ್ದು ಫಿಟ್ಟಿಂಗು. ಕನ್ನಡಿ ಮುಂದೆ ನಿಂತ ಅಣ್ಣನನ್ನು ನೋಡಿ, ಎಷ್ಟು ಚೆನ್ನಾಗಿ ಕೂತಿದೆಯೆಂದು ಒಳಗೊಳಗೇ ಹಿಗ್ಗಿದ.

ಭಾನುವಾರ ಅಣ್ಣನ ಮನೆಯಲ್ಲಿ ಊಟವಿದ್ದರೆ ಅಡುಗೆಯೆಲ್ಲ ಅಣ್ಣನದೇ. ಹಿಂದೆಂದೂ ಒಲೆಯ ಹತ್ತಿರ ಸುಳಿಯದವನು ಈಗ ಬಗೆಬಗೆಯಾಗಿ ಮಾಡಿ, ಒತ್ತಾಯ ಮಾಡಿ ಬಡಿಸುತ್ತಿದ್ದ. ತಾನು ಮಾತ್ರ ಕೂರುತ್ತಿರಲಿಲ್ಲ. ಆಗಲೇ ಆಯಿತು, ಆಮೇಲೆ ಮಾಡುತ್ತೇನೆ, ರುಚಿ ನೋಡಿಯೇ ಹೊಟ್ಟೆ ತುಂಬಿತು, ದಿನಕ್ಕೊಂದು ನೆಪ. ಕೂತ ದಿನ ತಟ್ಟೆಯಲ್ಲಿದ್ದುದನ್ನು ಚೂರುಚೂರು ಮಾಡಿ ಈ ಅಂಚಿನಿಂದ ಆ ಅಂಚಿಗೆ ಓಡಾಡಿಸುತ್ತಿದ್ದ. ಅತ್ತಿಗೆ ಒಂದು ದಿನ ಅಡುಗೆಮನೆಯಲ್ಲಿ ಟೈಲರ್‌ನನ್ನು ತಡೆದು ನಿಲ್ಲಿಸಿದಳು.

"ನಿಮ್ಮಣ್ಣ ಉಣ್ಣೋದನ್ನ ನಾನು ನೋಡಿ ಎಷ್ಟು ದಿನ ಆಯ್ತೋ. ಊಟದ ಡಬ್ಬಿ ತೊಳೆದಿಟ್ಟ ಹಾಗೆ ಖಾಲಿಯಾಗಿ ಬರತ್ತೆ, ಯಾರಿಗೆ ಕೊಡ್ತಾರೋ ಏನೋ. ಕೇಳಿದ್ರೆ ರೇಗ್ತಾರೆ. ಬಾಚಣಿಗೆ ತುಂಬ ಕೂದಲು."

"ಬಿಡಿ ಅತ್ತಿಗೆ, ದಪ್ಪ ಇದ್ದಾಗ್ಲೂ ಬೈದ್ರಿ, ಈಗ್ಲೂ ಬೈತೀರಿ" ಎಂದು ನಗೆಯಾಡಿ ಟೈಲರ್ ಜಾರಿಕೊಂಡ. ಅತ್ತಿಗೆ ನಗಲಿಲ್ಲ. ಗಂಡನನ್ನು ಕಾಡಿ ಬೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳಂತೆ. ಏನೂ ಆಗಿಲ್ಲವೆಂದು ಹೇಳಿ ಕಳಿಸಿದರಂತೆ.

ಆಮೇಲೊಂದು ಮಧ್ಯಾಹ್ನ ಅಣ್ಣ ಕೈಚೀಲದಿಂದ ತೆಗೆದದ್ದು ಪ್ಯಾಂಟಲ್ಲ, ಸೇಫ್ಟಿ ಬೆಲ್ಟು. ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡುವಾಗ, ಕೆಳಗೆ ಬಾವಿಯಂಥ ಕತ್ತಲು ಬಾಯಿ ತೆರೆದಿರುತ್ತದೆ. ಆಗ ಮನುಷ್ಯನನ್ನು ಹಿಡಿದುಕೊಳ್ಳುವುದು ಅದೊಂದೇ.

"ಕೊನೇ ತೂತಿಗೆ ಹಾಕಿದ್ರೂ ಜಾರತ್ತೆ. ಇದನ್ನೂ ಸ್ವಲ್ಪ ಹಿಡಿ."

ಟೈಲರ್ ಬೆಲ್ಟನ್ನು ಕೈಗೆ ತೆಗೆದುಕೊಂಡ. ಆ ಪಟ್ಟಿಗೆ ದಾರ ಹಾಕಿ ಹೊಲಿದರೆ ಒಂದು ಜಗ್ಗಿಗೆ ಕಿತ್ತು ಬರುತ್ತದೆಂದು ಅವನ ಬೆರಳಿಗೆ ಮೊದಲು ಗೊತ್ತಾಯಿತು. ತಲೆ ಎತ್ತಿ ಅಣ್ಣನ ಮುಖ ನೋಡಿದ. ಟೇಪಿಲ್ಲದೆ, ಚಾಕ್ ಇಲ್ಲದೆ, ಎಷ್ಟೋ ಕಾಲದ ಮೇಲೆ ಮುಖ ಮಾತ್ರ ನೋಡಿದ.

"ಇದು ನನ್ನ ಕೈಲಿ ಆಗಲ್ಲ ಕಣೋ."

"ಆಗತ್ತೆ. ನಿನ್ನ ಕೈಲಿ ಆಗದೇ ಇರೋದು ಯಾವುದಿದೆ?"

"ಅಣ್ಣಾ, ಏನಾದ್ರೂ ತಿನ್ನೋ."

ಅಣ್ಣ ಬೆಲ್ಟು ಕಿತ್ತುಕೊಂಡು ಹೊರಟೇಹೋದ. ಆಲ್ಟ್ರೇಷನ್ನಿಗೆಂದು ಮೊದಲೇ ಕೊಟ್ಟಿದ್ದ ಎರಡು ಪ್ಯಾಂಟು ಅಂಗಡಿಯಲ್ಲೇ ಉಳಿದಿದ್ದವು. ಟೈಲರ್ ಅವನ್ನು ಎತ್ತಿಕೊಂಡು ನೇರ ಅಣ್ಣನ ಮನೆಗೆ ನಡೆದ. ಅತ್ತಿಗೆಯ ಮುಂದೆ ಮೇಜಿನ ಮೇಲೆ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಹರಡಿದ. ಮಡಿಕೆಯ ಮೇಲೆ ಮಡಿಕೆ, ಹೊಲಿಗೆಯ ಪಕ್ಕ ಹೊಲಿಗೆ. ಒಂದೊಂದು ಸಲ ಹಿಡಿದದ್ದಕ್ಕೂ ಒಂದೊಂದು ಗೆರೆ.

ಅತ್ತಿಗೆ ಒಂದೊಂದು ಗೆರೆಯ ಮೇಲೂ ಬೆರಳಾಡಿಸಿದಳು.

"ಇಷ್ಟು ದಿನ ಇದನ್ನ ಮಾಡ್ತಿದ್ದವನು ನೀನಾ?"

"ಅಣ್ಣ ಹೇಳ್ಬೇಡ ಅಂದ..."

"ಆ ಡಾಕ್ಟರು ನನಗೇನು ಹೇಳಿದ್ರು ಗೊತ್ತಾ? ನನ್ನ ಗಂಡ ಸವೆದು ಹೋಗ್ತಿದಾರೆ, ನೋಡಿ ಅಂದೆ. 'ಬಟ್ಟೆ ಒಂಚೂರೂ ಸಡಿಲ ಆಗಿಲ್ಲವಲ್ಲಮ್ಮ, ಮೈಗೆ ಸರಿಯಾಗೇ ಕೂತಿದೆ. ಗಂಡಸರಿಗೆ ಅಂಥದ್ದೆಲ್ಲ ಬರಲ್ಲ. ನಿಮಗೇ ಮನಸ್ಸಿಗೆ ಏನೋ ಚಿಂತೆ ಇರ್ಬೇಕು' ಅಂತ ನನಗೇ ನಿದ್ದೆ ಮಾತ್ರೆ ಬರೆದುಕೊಟ್ರು. ನಾನೂ ನುಂಗಿದೆ. ನನಗೇ ಹುಚ್ಚು ಹಿಡೀತಿದೆ ಅಂತ ನಂಬಿಕೊಂಡು ನುಂಗಿದೆ."

ಟೈಲರ್‌ನ ಜನ್ಮದಲ್ಲಿ ಅವನ ಹೊಲಿಗೆಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಆ ಡಾಕ್ಟರದು.

"ಎಲ್ಲಾ ಬಿಚ್ಚು," ಎಂದಳು ಅತ್ತಿಗೆ. ಬೀರುವಿನಲ್ಲಿದ್ದ ಅಂಗಿ ಪ್ಯಾಂಟುಗಳನ್ನೆಲ್ಲ ತಂದು ಅವನ ಮಡಿಲಿಗೆ ಎಸೆದಳು. ಅವನು ಅಲ್ಲೇ ನೆಲದ ಮೇಲೆ ಕೂತು, ಅವಳ ಎದುರಿಗೇ, ಒಂದೊಂದಾಗಿ ಹೊಲಿಗೆ ಬಿಚ್ಚಿದ. ಒಳಗೆ ಬಿಟ್ಟ ಬಟ್ಟೆಯೆಲ್ಲ ಹೊರಗೆ ಬಂತು.

ಮರುದಿನ ಅಣ್ಣನಿಗೆ ಬೇರೆ ದಾರಿ ಇರಲಿಲ್ಲ. ತನ್ನ ಹಳೆಯ ಮೈಯ ಅಳತೆಯ ಬಟ್ಟೆ ಹಾಕಿಕೊಂಡು, ಸೊಂಟವನ್ನು ಮುಷ್ಟಿಯಲ್ಲಿ ಹಿಡಿದು ಕೆಲಸಕ್ಕೆ ಹೋದ. ಮ್ಯಾನೇಜರ್ ಒಮ್ಮೆ ನೋಡಿದ, ಮತ್ತೊಮ್ಮೆ ನೋಡಿದ, ಕೆಲಸಕ್ಕೆ ಹಚ್ಚದೆ ಮನೆಗೆ ಕಳಿಸಿದ. ಇಷ್ಟು ದಿನ ಬೆನ್ನು ತಟ್ಟಿದ ಕೈ ಅದೇ. ಅತ್ತಿಗೆ ಈ ಸಲ ಬೇರೆ ಡಾಕ್ಟರನ್ನು ಹುಡುಕಿದಳು. ಆ ಡಾಕ್ಟರಮ್ಮ ಬಟ್ಟೆ ನೋಡಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ಊಟ ಕಂಡ್ರೆ ಹೆದರಿಕೆ ಆಗತ್ತಾ?" ಎಂದು ನೇರವಾಗಿ ಕೇಳಿದರು. ಅಣ್ಣ ಮೊದಲು ಇಲ್ಲವೆಂದ. ಆಮೇಲೆ ಅಳುತ್ತಾ, "ತುತ್ತು ಎತ್ತಿದ್ರೆ ಆ ಗಂಟೆ ಹೊಡೆಯತ್ತೆ" ಎಂದ. ಇದೊಂದು ಕಾಯಿಲೆ, ಗಂಡಸರಿಗೂ ಬರುತ್ತದೆ, ಹೃದಯ ಆಗಲೇ ಸೋತಿದೆ, ವಾಸಿಯಾಗಲು ಬಹಳ ಕಾಲ ಬೇಕು ಎಂದರು. ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಮನೆಗೆ ಕಳಿಸುವಾಗ ಅತ್ತಿಗೆಗೆ ಹೇಳಿದ್ದು ಇಷ್ಟು: ಮೈ ಬಗ್ಗೆ ಒಳ್ಳೆಯದೂ ಕೆಟ್ಟದ್ದೂ ಒಂದು ಮಾತೂ ಬೇಡ, ಒಬ್ಬರನ್ನೇ ಉಣ್ಣಲು ಬಿಡಬೇಡಿ, ಜೊತೆಗೆ ಕೂತುಕೊಳ್ಳಿ.

ಅಣ್ಣನನ್ನು ಲಿಫ್ಟಿನ ಕೆಲಸದಿಂದ ತೆಗೆದು ಸ್ಟೋರಿನಲ್ಲಿ ಕೂರಿಸಿದರು. ತಮ್ಮನ ಜೊತೆ ಅವನು ಮಾತು ಬಿಟ್ಟ. "ನಡುಬೀದೀಲಿ ನನ್ನ ಬಟ್ಟೆ ಬಿಚ್ಚಿಸಿದ" ಎಂದು ಅತ್ತಿಗೆಯ ಮುಂದೆ ಹೇಳಿದನಂತೆ. ಟೈಲರ್ ಅದನ್ನೂ ಸಹಿಸಿಕೊಂಡ. ಬದುಕಿದ್ದಾನಲ್ಲ, ಬೈಯಲಿ ಎಂದುಕೊಂಡ.

ಕೆಲವು ತಿಂಗಳ ಮೇಲೆ ಬಸ್ ನಿಲ್ದಾಣದ ಎದುರು ಅಣ್ಣ ಕಂಡ. ತಮ್ಮನ ಕಡೆ ಬೆನ್ನು ಮಾಡಿ ನಿಂತಿದ್ದ. ಪ್ಯಾಂಟು ಸೊಂಟಕ್ಕೆ ಸರಿಯಾಗಿ ಕೂತಿತ್ತು. ಮೈ ಕೈ ತುಂಬಿಕೊಂಡನೇ ಎಂದು ಟೈಲರ್‌ನ ಮನಸ್ಸು ಕುಣಿಯಿತು. ಒಂದೆರಡು ಹೆಜ್ಜೆ ಹತ್ತಿರ ಹೋದ. ಆಗ ಹಿಂದಿನ ಜೇಬುಗಳು ಕಂಡವು. ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವಿನ ಹೊಲಿಗೆ ಸೊಟ್ಟಗೆ ಎಳೆದಿತ್ತು. ಬೇರೆ ಯಾವನೋ ಟೈಲರ್ ಹಿಡಿದು ಹೊಲಿದಿದ್ದ. ಒಳಗೆ ಮಡಚಿದ ಬಟ್ಟೆಯ ದಪ್ಪ ಕಾಣಲಿಲ್ಲ. ಮಿಕ್ಕದ್ದನ್ನು ಕತ್ತರಿಸಿ ಎಸೆದಿದ್ದ.

ಟೈಲರ್ ಕೂಗಲಿಲ್ಲ. ಅಂಗಡಿ ಮುಚ್ಚಿ, ಊಟದ ಹೊತ್ತಿಗೆ ಅಣ್ಣನ ಮನೆಗೆ ಹೋಗಿ, ಕಂಡದ್ದನ್ನು ಅಣ್ಣನ ಎದುರಿಗೇ ಅತ್ತಿಗೆಗೆ ಹೇಳಿದ.

"ಗೊತ್ತು," ಎಂದಳು ಅತ್ತಿಗೆ. "ನಾಳೆ ಮತ್ತೆ ಡಾಕ್ಟರಮ್ಮನ ಹತ್ರ ಹೋಗ್ತಿದೀವಿ. ಈಗ ನೀನೂ ಕೂತ್ಕೋ." ಮೂರನೆಯ ತಟ್ಟೆ ಇಟ್ಟಳು.

"ಯಾಕೆ ಬಂದೆ?" ಎಂದ ಅಣ್ಣ. ಇಷ್ಟು ತಿಂಗಳಲ್ಲಿ ಆಡಿದ ಮೊದಲ ಮಾತು ಅದು. "ಅಳತೆ ತಗೊಳ್ಳೋಕಾ?"

"ಊಟಕ್ಕೆ ಬಂದೆ."

"ತಿಂದು ಹೋಗು ಹಾಗಾದ್ರೆ."

"ನೀನು ತಿನ್ನು, ತಿಂತೀನಿ."

ಅಣ್ಣ ಒಂದು ತುತ್ತು ಎತ್ತಿದ. ಎದೆಯ ಮಟ್ಟಕ್ಕೆ ಬಂದ ಕೈ ಅಲ್ಲೇ ನಿಂತಿತು. ಆ ಗಂಟೆ ಅವನೊಬ್ಬನಿಗೇ ಕೇಳಿಸುತ್ತಿತ್ತು. ತಟ್ಟೆಯಲ್ಲಿದ್ದ ಊಟ ಆರಿ ತಣ್ಣಗಾಯಿತು. ಮೂವರಲ್ಲಿ ಒಬ್ಬರೂ ಏಳಲಿಲ್ಲ.