ಹೆರಳಕ್ಕನ ಎರಡನೇ ಭಾಗ

ಗಂಗಮ್ಮ ಹೇಳಲಿಲ್ಲ. ಹೇಳಿದವನು ನಾನು.

ಈ ಎರಡು ಮಾತು ಬರೆಯಲು ನನಗೆ ಇಪ್ಪತ್ತು ವರ್ಷಕ್ಕೂ ಮೀರಿ ಬೇಕಾಯಿತು. ನನ್ನ ಕಾಕಾನ ಮಗಳು ರೇಣುಕಾ ಕುಷ್ಟಗಿಯ ಒಂದು ವಿಡಿಯೋ ಗೇಮ್ ಅಂಗಡಿಯಲ್ಲಿ ಆಡುತ್ತಾಳೆಂದು ಅವಳ ಅಪ್ಪನ ಕಿವಿಗೆ ಹಾಕಿದವನು ನಾನು. ಅದರಲ್ಲಿ ಅರ್ಧ ನಿಜ. ಉಳಿದರ್ಧ ಸುಳ್ಳನ್ನು ನಾನೇ ಸೇರಿಸಿದೆ. ಆಮೇಲೆ, ಯಾರು ಹೇಳಿರಬೇಕು ಎಂದು ಅವಳು ನನ್ನನ್ನೇ ಕೇಳಿದಾಗ ಆ ಅಂಗಡಿಯ ಗಂಗಮ್ಮನ ಹೆಸರು ಹೇಳಿದೆ. ಯಾವುದು ದೊಡ್ಡ ತಪ್ಪು, ಮೊದಲನೆಯದೋ ಎರಡನೆಯದೋ — ಇವತ್ತಿಗೂ ನನಗೆ...

ಮೊದಲಿನಿಂದ ಹೇಳುತ್ತೇನೆ.

ನನ್ನ ಊರು ತಾವರಗೇರಾ. ಪಿ.ಯು.ಸಿ. ಎರಡನೇ ವರ್ಷ ಇಂಗ್ಲಿಷಿನಲ್ಲಿ ಫೇಲಾಗಿದ್ದೆ. ಮತ್ತೊಮ್ಮೆ ಓದಲಿ ಎಂದು ಅಪ್ಪ ನನ್ನನ್ನು ಕುಷ್ಟಗಿಯಲ್ಲಿ ಕಾಕಾನ ಮನೆಯಲ್ಲಿ ಬಿಟ್ಟರು. ಕಾಕಾ ಬಸ್ ಕಂಡಕ್ಟರ್. ಮಾತು ಕಡಿಮೆ, ಮಗಳ ಮೇಲೆ ಜೀವ. ರೇಣುಕಾ ನನಗಿಂತ ಎರಡು ವರ್ಷ ಚಿಕ್ಕವಳಾದರೂ ಆ ವರ್ಷ ಅವಳೂ ಅದೇ ತರಗತಿಯಲ್ಲಿದ್ದಳು. ಓದಿನಲ್ಲಿ ಮುಂದು. ಪಿ.ಯು.ಸಿ. ಮುಗಿದ ಮೇಲೆ ಅವಳನ್ನು ಟಿ.ಸಿ.ಎಚ್.ಗೆ ಕಳಿಸಿ ಮಾಸ್ತರಿಣಿ ಮಾಡಬೇಕೆಂದು ಕಾಕಾ ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಹೆಂಡತಿ, ನನ್ನ ಚಿಗವ್ವ, ಹಂಚಿನಿಂದ ತೆಗೆದ ಮೊದಲ ರೊಟ್ಟಿ ಮಾತ್ರ ಯಾವಾಗಲೂ ನನ್ನ ತಾಟಿಗೇ ಬೀಳುತ್ತಿತ್ತು. ಆ ಮನೆಯಲ್ಲಿ ನನಗೆ ಯಾರೂ ಕೆಟ್ಟದ್ದು ಮಾಡಲಿಲ್ಲ — ಇದನ್ನು ಮೊದಲೇ ಹೇಳಿಬಿಡಬೇಕು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ವೀರಣ್ಣ ಎಂಬಾತನ ಟಿ.ವಿ. ರಿಪೇರಿ ಅಂಗಡಿ ಇತ್ತು. ಮುಂದಿನ ಖೋಲಿಯಲ್ಲಿ ಅವನ ಹೆಂಡತಿ ಗಂಗಮ್ಮ ಹೊಲಿಗೆ ಮಷಿನ್ ಹಾಕಿಕೊಂಡು ಓಣಿಯ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಹಿಂದಿನ ಖೋಲಿಯಲ್ಲಿ, ಒಂದು ಹಳೆಯ ಪರದೆಯ ಆಚೆ, ವೀರಣ್ಣ ಎರಡು ಟಿ.ವಿ. ಇಟ್ಟು ಗೇಮ್ ಆಡಿಸುತ್ತಿದ್ದ. ನಾವು ಹುಡುಗರು ಕಾಲೇಜು ತಪ್ಪಿಸಿ ಅಲ್ಲಿ ಕೂರುತ್ತಿದ್ದೆವು. ರೇಣುಕಾ ಹೊಲಿಗೆ ಕಲಿಯಲು ಬರುತ್ತಿದ್ದಳು. ಹುಡುಗರು ಇಲ್ಲದ ಹೊತ್ತಿನಲ್ಲಿ ಗಂಗಮ್ಮ ಹುಡುಗಿಯರನ್ನೂ ಪರದೆಯ ಆಚೆ ಬಿಡುತ್ತಿದ್ದಳೆಂದು ನನಗೆ ಬಹಳ ದಿನ ಗೊತ್ತಿರಲಿಲ್ಲ.

ನಾವು ಆಡುತ್ತಿದ್ದುದು ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆಟ. ಆಟಗಾರರ ಹೆಸರುಗಳೆಲ್ಲ ಪರದೇಶದವು, ನಮ್ಮ ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೆ ನಾವೇ ಹೆಸರಿಟ್ಟಿದ್ದೆವು: ಗುಂಡ, ಕೆಂಪಂಗಿ, ಕುಂಟ ಮುದುಕ. ಅವರ ನಡುವೆ ಒಬ್ಬಳೇ ಹೆಂಗಸು. ತುಂಬು ತೋಳಿನ ಅಂಗಿ, ಸಡಿಲ ಪೈಜಾಮ, ನಡುವಿಗೆ ಬಿಗಿದ ಪಟ್ಟಿ, ಮೊಣಕಾಲಿನ ತನಕ ಇಳಿದ ಹೆರಳು. ಅವಳು ಹೆರಳಕ್ಕ. ಆ ಹೆರಳನ್ನೇ ಬೀಸಿ ಹೊಡೆಯುತ್ತಿದ್ದಳು. ಗೆದ್ದ ಮೇಲೆ ಹೆರಳನ್ನು ಹಿಂದಕ್ಕೆ ಹಾಕಿ, ಬಿದ್ದವನಿಗೆ ತಲೆಬಾಗಿ ಕೈಮುಗಿಯುತ್ತಿದ್ದಳು. ನಡೆ ನಿಧಾನ, ಹಾಗಾಗಿ ಹುಡುಗರು ಯಾರೂ ಅವಳನ್ನು ಆರಿಸಿಕೊಳ್ಳುತ್ತಿರಲಿಲ್ಲ.

ಅಂಗಡಿಯಲ್ಲಿ ನನ್ನನ್ನು ಸೋಲಿಸುವವರು ಇರಲಿಲ್ಲ. ಓದಿನಲ್ಲಿ ಬಿದ್ದವನಿಗೆ ಅದೊಂದೇ ಜಾಗ — ಬೇಡ, ಇದು ನೆಪವಾಗುತ್ತದೆ. ಒಂದು ಮಧ್ಯಾಹ್ನ ಗಂಗಮ್ಮ ಪರದೆ ಸರಿಸಿ ನಗುತ್ತ ಕೇಳಿದಳು, "ಶರಣಪ್ಪ, ನಿನ್ನ ತಂಗಿ ಜೋಡಿ ಒಂದಾಟ ಆಡ್ತಿಯೇನು?"

ಎಲ್ಲರೂ ನಕ್ಕರು. ರೇಣುಕಾ ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದಿಟ್ಟು ಬಂದು ಕೂತಳು. ಹೆರಳಕ್ಕನನ್ನು ಆರಿಸಿದಳು. ಅವಳು ಮುಂದೆ ಬರಲೇ ಇಲ್ಲ. ನಾನು ನುಗ್ಗಿದಾಗಲೆಲ್ಲ ದೂರದಿಂದಲೇ ಹೆರಳಿನ ಪೆಟ್ಟು ಬೀಳುತ್ತಿತ್ತು. ಮೂರು ಆಟ ಸೋತೆ.

"ಆಕಿ ಕಾಯ್ತಾಳ ಅಣ್ಣಾ," ಎಂದಳು ರೇಣುಕಾ, ಹಂಗಿಸುವ ದನಿಯಲ್ಲಲ್ಲ, ಹೇಳಿಕೊಡುವ ದನಿಯಲ್ಲಿ. "ನೀವೆಲ್ಲಾ ಕಾಯಂಗಿಲ್ಲ."

ಅದಾದ ಮೇಲೆ ಆಗಾಗ ಆಡುತ್ತಿದ್ದೆವು, ನಾನು ಆಗಾಗ ಸೋಲುತ್ತಿದ್ದೆ. ಕೆಲವು ತಿಂಗಳಿಗೆ ವೀರಣ್ಣ ಹುಬ್ಬಳ್ಳಿಯಿಂದ ಅದೇ ಆಟದ ಎರಡನೇ ಭಾಗ ತಂದ. ಓಣಿಯ ಹುಡುಗರೆಲ್ಲ ಸೇರಿದ್ದೆವು. ಆಟಗಾರರು ಒಬ್ಬೊಬ್ಬರಾಗಿ ಟಿ.ವಿ.ಯಲ್ಲಿ ಬಂದರು. ಹೆರಳಕ್ಕ ಬಂದಾಗ ಹುಡುಗರು ಸಿಳ್ಳೆ ಹಾಕಿದರು. ಹೆರಳು ಕತ್ತರಿಸಿ ಭುಜದ ಮೇಲೆ ಬಿಟ್ಟಿದ್ದರು. ತುಂಬು ತೋಳಿನ ಅಂಗಿ ಹೋಗಿ ಎರಡು ತುಂಡು ಬಟ್ಟೆ ಉಳಿದಿತ್ತು. ಹೆರಳಿನ ಪೆಟ್ಟು ಇರಲೇ ಇಲ್ಲ, ಸುಮ್ಮನೆ ಲಾಗ ಹಾಕುತ್ತಿದ್ದಳು. ಗೆದ್ದ ಮೇಲೆ ಕೈಮುಗಿಯುವುದರ ಬದಲು ನಡು ಬಳುಕಿಸಿ ನೋಡುವವರ ಕಡೆ ಮುತ್ತು ಎಸೆಯುತ್ತಿದ್ದಳು.

ರೇಣುಕಾ ಪರದೆಯ ಅಂಚು ಹಿಡಿದು ನಿಂತಿದ್ದಳು. ಬಹಳ ಹೊತ್ತು ನೋಡಿ ಹೇಳಿದಳು, "ಇಕಿ ಆಕಿ ಅಲ್ಲ."

"ಹೆಸರು ಅದಾ ಐತಲ್ಲ ಬೇ," ಎಂದ ವೀರಣ್ಣ.

"ಹೆಸರಿದ್ರ ಏನಾತು? ಆಕಿನ ಹೊರಗ ಹಾಕಿ ಇಕಿನ ತಂದು ನಿಲ್ಸ್ಯಾರ."

ಆ ದಿನದಿಂದ ರೇಣುಕಾ ಹೆರಳಕ್ಕನನ್ನು ಮುಟ್ಟಲಿಲ್ಲ. ಒಮ್ಮೆಯೂ ಇಲ್ಲ. ಇದಕ್ಕೆ ನಾನು ಸಾಕ್ಷಿ — ಆಗಲೂ ನಾನೇ ಸಾಕ್ಷಿಯಾಗಬೇಕಿತ್ತು.

ನನಗೆ ಒಳಗೊಳಗೇ ಖುಷಿಯಾಗಿತ್ತು. ಅವಳ ಬಲವೆಲ್ಲ ಆ ಹೆರಳಿನಲ್ಲಿತ್ತು, ಇನ್ನು ಗೆಲ್ಲುವವನು ನಾನೇ ಎಂದುಕೊಂಡೆ. ಆದರೆ ಅವಳು ಯಾರೂ ಕೇಳದ ಕುಂಟ ಮುದುಕನನ್ನು ಹಿಡಿದು, ಅವನ ಊರುಗೋಲಿನ ಪೆಟ್ಟುಗಳನ್ನು ಕಲಿತು, ನನ್ನನ್ನು ಮತ್ತೆ ಸೋಲಿಸಿದಳು. ಗೆಳೆಯನೊಬ್ಬ ಬೆನ್ನು ತಟ್ಟಿ ಹೇಳಿದ, "ಶರಣ್ಯಾ, ಕಾಲೇಜಿನ್ಯಾಗೂ ತಂಗಿನಾ ಮುಂದ, ಇಲ್ಲೂ ತಂಗಿನಾ ಮುಂದ. ನೀ ಯಾತಕ್ಕ ಬಂದಿ ಕುಷ್ಟಗಿಗೆ?" ಎಲ್ಲರ ಜೊತೆ ನಾನೂ ನಕ್ಕೆ. ಆ ನಗು ಮುಖದ ಮೇಲಿರುವಾಗಲೇ ನನ್ನೊಳಗೆ ಏನೋ —

ಮರುದಿನ ಬೆಳಿಗ್ಗೆ ಕಾಕಾ ಡ್ಯೂಟಿಗೆ ಹೊರಡುವ ಮುಂಚೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ನಾನು ಹತ್ತಿರ ಹೋಗಿ ಕೂತೆ.

"ಕಾಕಾ, ರೇಣುಕಾ ಹೊಲಿಗಿ ಕಲಿಯಾಕ ಹೋಗ್ತಾಳ ಅಂತ ತಿಳದೀರಿ ನೀವು. ಪರದೆ ಹಿಂದ ಏನ್ ಆಡ್ತಾಳ ಅಂತ ಒಮ್ಮೆ ಬಂದು ನೋಡ್ರಿ."

"ಏನ್ ಆಡ್ತಾಳ?"

"ನನ್ನ ಬಾಯಿಲೆ ಹೇಳಾಕ ಆಗಂಗಿಲ್ರಿ. ಮಧ್ಯಾಹ್ನ ಬರ್ರಿ, ನಿಮಗ ಕಾಣತೈತಿ."

ಮಧ್ಯಾಹ್ನ ನಾನು ಮೊದಲೇ ಹೋಗಿದ್ದೆ. ಓಣಿಯ ತುದಿಯಲ್ಲಿ ಕಾಕಾನ ಖಾಕಿ ಅಂಗಿ ಕಂಡಾಗ ರೇಣುಕಾಳನ್ನು ಕರೆದೆ, "ಬಾ, ಒಂದಾಟ." ಅವಳು ಬಂದು ಕೂರುವಷ್ಟರಲ್ಲಿ ಅವಳ ರಿಮೋಟಿನಲ್ಲಿ ನಾನೇ ಹೆರಳಕ್ಕನನ್ನು ಆರಿಸಿ ಆಟ ಶುರು ಮಾಡಿಟ್ಟಿದ್ದೆ. "ಇಕಿನ್ಯಾಕ ತಗೊಂಡಿ ಅಣ್ಣಾ?" ಎಂದಳು. "ಇದೊಂದ್ ಸಲ ಆಡು," ಎಂದೆ. ನಾನು ಬೇಕೆಂದೇ ಪೆಟ್ಟು ತಿಂದು ಬಿದ್ದೆ. ಟಿ.ವಿ. ತುಂಬ ಆ ಹೆಂಗಸು ನಡು ಬಳುಕಿಸಿ ಮುತ್ತು ಎಸೆಯುತ್ತಿದ್ದಾಗ ಕಾಕಾ ಪರದೆ ಎತ್ತಿದರು.

ಕಾಕಾ ಟಿ.ವಿ. ನೋಡಿದರು. ಮಗಳ ಕೈಯಲ್ಲಿದ್ದ ರಿಮೋಟ್ ನೋಡಿದರು. ಸುತ್ತ ಕೂತಿದ್ದ ಹುಡುಗರನ್ನು ನೋಡಿದರು.

"ಅಪ್ಪಾ, ಇದು ನಾ ತಗೊಂಡಿದ್ದಲ್ಲ," ಎಂದಳು ರೇಣುಕಾ. ಎಂದು ನನ್ನ ಕಡೆ ತಿರುಗಿದಳು. ನಾನು ಹೇಳುತ್ತೇನೆಂದು ಕಾದಳು. ನಾನು ನೆಲ ನೋಡಿದೆ.

ಕಾಕಾ ಅವಳನ್ನು ಹೊಡೆಯಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿದರು. ಹೊರಗೆ ಬರುವಾಗ ಮಷಿನ್ ಮುಂದೆ ಎದ್ದು ನಿಂತಿದ್ದ ಗಂಗಮ್ಮನಿಗೆ, ಓಣಿಗೆಲ್ಲ ಕೇಳುವಂತೆ, "ನೀ ಹೆಣ್ಮಗಳು ಅಂತ ನಂಬಿ ಕಳಿಸಿದ್ದೆ" ಎಂದರು. ಅಷ್ಟೇ. ಆ ವಾರ ಉಳಿದ ಹುಡುಗಿಯರೂ ಹೊಲಿಗೆಗೆ ಬರುವುದನ್ನು ನಿಲ್ಲಿಸಿದರು.

ಸಂಜೆ ಕಾಕಾ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಕೇಳಿದರು, "ದಿನಾ ಅದನ್ನಾ ಆಡ್ತಾಳೇನು? ಆ ಹುಡುಗುರ ನಡುವ?"

ಆಗಲೂ ಸರಿಪಡಿಸಬಹುದಿತ್ತು. ಒಂದು ಮಾತು ಸಾಕಿತ್ತು.

"ಹೂಂ ಕಾಕಾ. ದಿನಾ," ಎಂದೆ.

ಮರುದಿನ ಗಂಗಮ್ಮ ಮನೆ ಬಾಗಿಲಿಗೆ ಬಂದಳು. ಕಾಕಾ ಡ್ಯೂಟಿಗೆ ಹೋಗಿದ್ದರು, ಚಿಗವ್ವ ಒಳಗಿದ್ದಳು. "ಒಂದೀಟು ನಿಮ್ಮ ಚಿಗವ್ವನ್ನ ಕರಿಯಪ್ಪಾ. ಹುಡುಗಿದು ಏನೂ ತಪ್ಪಿಲ್ಲ ಅಂತ ಹೇಳಿ ಹೋಗ್ತೀನಿ," ಎಂದಳು. "ನೀವು ಬರಬಾರ್ದು ಅಂತ ಕಾಕಾ ಹೇಳ್ಯಾರ್ರಿ," ಎಂದು ನಾನು ಬಾಗಿಲು ಮುಂದೆ ಮಾಡಿದೆ. ಕಾಕಾ ಹಾಗೆ ಹೇಳಿರಲಿಲ್ಲ.

ಅದೇ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ರೇಣುಕಾ ಕೇಳಿದಳು, "ಅಪ್ಪಗ ಯಾರ್ ಹೇಳಿರಬೇಕಣ್ಣಾ?"

"ಗಂಗಮ್ಮನಾ ಇರಬೇಕು. ಮತ್ಯಾರು?"

ಅವಳು ನಂಬಿದಳು. ನಂಬಲು ಕಾರಣವಿತ್ತು. ಎರಡು ದಿನದ ಹಿಂದೆ ಗಂಗಮ್ಮ ನಗುತ್ತ, "ನಿಮ್ಮಪ್ಪಗ ಹೇಳ್ತೀನಿ ನೋಡು, ಮಗಳು ಹೆಂಗ ಆಡ್ತಾಳ ಬಂದು ನೋಡಪ್ಪ ಅಂತ" ಎಂದಿದ್ದಳು. ಹೆಮ್ಮೆಯಿಂದ ಆಡಿದ್ದ ಮಾತನ್ನು ನಾನು ಚಾಡಿ ಮಾಡಿಬಿಟ್ಟೆ. ನಾನು ಆ ದಿನ ಬಾಯಿ ಬಿಡದಿದ್ದುದನ್ನು ಅವಳು ಹೆದರಿಕೆ ಎಂದುಕೊಂಡಳು. "ಅಪ್ಪನ ಮುಂದ ನೀ ಏನ್ ಮಾತಾಡ್ತಿ ಬಿಡು," ಎಂದು ನನಗೇ ಸಮಾಧಾನ ಹೇಳಿದಳು.

ರೇಣುಕಾ ಮತ್ತೆ ಕಾಲೇಜಿಗೆ ಹೋಗಲಿಲ್ಲ. ಪರೀಕ್ಷೆಗೆ ಕೂರಲಿಲ್ಲ. ಹದಿನೆಂಟು ತುಂಬಿದ ಕೂಡಲೇ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟರು. ವೀರಣ್ಣ ಅಂಗಡಿ ಮುಚ್ಚಿ ಹೆಂಡತಿಯ ತವರಾದ ಕಾರಟಗಿಗೆ ಹೋದ. ನಾನು ಪಾಸಾದೆ. ಟಿ.ಸಿ.ಎಚ್.ಗೆ ಮಗಳನ್ನು ಕಳಿಸಬೇಕೆಂದಿದ್ದ ಕಾಕಾ ಅಲ್ಲಿ ಇಲ್ಲಿ ಓಡಾಡಿ ನನ್ನನ್ನು ಕಳಿಸಿದರು. ನಾನು ಇವತ್ತು ಮಾಸ್ತರ. "ಅವತ್ತು ನೀ ಹೇಳಿದ್ದು ಛಲೋ ಆತು ನೋಡು," ಎಂದು ಕಾಕಾ ಸಾಯುವ ತನಕ ಹೇಳುತ್ತಿದ್ದರು. ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಅವರಿಗೆ ಇನ್ನು ಹೇಳಲಾಗುವುದಿಲ್ಲ.

ಹೋದ ತಿಂಗಳು ಮಂಗಳೂರಿಗೆ, ರೇಣುಕಾಳ ಮನೆಗೆ ಹೋಗಿದ್ದೆ. ಅವಳ ಮಗಳು ಸೌಮ್ಯಾ, ಕಾಲೇಜಿಗೆ ಹೋಗುವ ಹುಡುಗಿ, ಮೊಬೈಲಿನಲ್ಲಿ ಏನೋ ಆಡುತ್ತಿದ್ದಳು. ಇಣುಕಿ ನೋಡಿದೆ. ತುಂಬು ತೋಳಿನ ಅಂಗಿ, ನಡುಪಟ್ಟಿ, ಮೊಣಕಾಲಿನ ತನಕ ಹೆರಳು. ಹೆರಳಕ್ಕ.

"ಇದು ಹಳೇ ಆಟ ಅಲ್ಲೇನು?" ಎಂದೆ.

"ಹೊಸದು ಮಾಮಾ. ಇಕಿನ್ನ ಎರಡನೇ ಭಾಗದಾಗ ಕೆಡಿಸಿದ್ರಂತ. ಆಡೋರು ಭಾಳ ಬೈದ ಮ್ಯಾಲೆ ತಿರುಗಿ ಮೊದಲಿನಂಗ ಮಾಡ್ಯಾರ. ಅದಕ್ಕೊಂದು ಕಥಿನೂ ಕಟ್ಯಾರ. ಎರಡನೇ ಭಾಗದಾಗ ಇದ್ದಾಕಿ ಖರೇ ಆಕಿ ಅಲ್ಲಂತ, ಆಕಿ ಹೆಸರಿಟ್ಟಕೊಂಡು ಬಂದಿದ್ದ ಬ್ಯಾರೆದಾಕಿ ಅಂತ."

ಒಲೆಯ ಮುಂದೆ ಕೂತಿದ್ದ ರೇಣುಕಾ ರೊಟ್ಟಿ ತಿರುವಿ ಹಾಕುತ್ತ, ಇತ್ತ ನೋಡದೆ ಹೇಳಿದಳು, "ನಾ ಅವತ್ತಾ ಹೇಳಿದ್ದೆ. ಯಾರ್ ಕೇಳ್ತಾರ?"

ಎಲ್ಲಿಯವರೋ, ತಮ್ಮ ಗೊಂಬೆಯೊಂದಕ್ಕೆ ಮಾಡಿದ ಅನ್ಯಾಯವನ್ನು ಒಪ್ಪಿ ತಿದ್ದಿಕೊಂಡಿದ್ದರು. ನಾನು ಮನುಷ್ಯಳೊಬ್ಬಳಿಗೆ ಮಾಡಿದ್ದನ್ನು... ಆ ಹೊತ್ತು ನಾನು ಅಲ್ಲಿಂದ ಎದ್ದಿದ್ದರೆ ಇನ್ನು ಯಾವತ್ತೂ ಹೇಳುತ್ತಿರಲಿಲ್ಲ. ಸೌಮ್ಯಾಳನ್ನು ಹೊರಗೆ ಕಳಿಸಿ, ಒಲೆಯ ಪಕ್ಕ ನೆಲಕ್ಕೆ ಕೂತು ಎಲ್ಲ ಹೇಳಿದೆ. ಕಟ್ಟೆಯ ಮೇಲಿನ ಮಾತು, ನಾನೇ ಆರಿಸಿಟ್ಟ ಹೆರಳಕ್ಕ, ಹಿತ್ತಲಿನ 'ಹೂಂ', ಬಾಗಿಲಿಂದ ಹಿಂದಕ್ಕೆ ಕಳಿಸಿದ ಗಂಗಮ್ಮ — ಎಲ್ಲ.

ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಅವಳು ತೆಗೆಯಲಿಲ್ಲ. ಆಮೇಲೆ ಕೇಳಿದಳು, "ಗಂಗಕ್ಕ ಹೇಳಿರ್ಲಿಲ್ಲ?"

"ಇಲ್ಲ."

"ನನ್ನ ಮದುವಿಗೆ ಆಕಿ ಕಾರಟಗಿಯಿಂದ ಬಂದಿದ್ಲು, ಗೊತ್ತೈತೇನು ನಿನಗ? ಕರೀಲಾರದ ಬಂದಿದ್ಲು. ತಾನಾ ಹೊಲಿದ ಜಂಪರ್ ತಂದಿದ್ಲು. ನಾ ಅದನ್ನ ಆಕಿ ಕಾಲಾಗ ಒಗದೆ. ಬೀಗರ ಮುಂದ. ನನ್ನ ಬಾಳೇ ಹಾಳು ಮಾಡಿದಿ, ಮತ್ತ ಯಾಕ ಬಂದಿ ಅಂದೆ. ಆಕಿ ಬಗ್ಗಿ ಎತ್ತಿಕೊಂಡು ಹೋದ್ಲು."

ನನಗೆ ಗೊತ್ತಿರಲಿಲ್ಲ. ಆ ಹೊತ್ತು ನಾನು ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದಿರಬೇಕು.

"ನನಗ ಮಾಡಿದ್ದು ಬಿಡು," ಎಂದಳು ರೇಣುಕಾ. "ನಾನೂ ಬದಕೀನಿ, ಮಕ್ಕಳಾಗ್ಯಾವ. ನನ್ನ ಕಡಿಂದ ಏನ್ ಮಾಡಿಸಿದಿ ನೋಡು ಅಣ್ಣಾ ನೀನು."

ಊಟಕ್ಕೆ ಏಳು ಎನ್ನಲಿಲ್ಲ. ನಾನು ಎದ್ದು ಬಂದೆ.

ಹತ್ತು ದಿನ ಬಿಟ್ಟು ಅವಳ ಫೋನು ಬಂತು. ಕಾರಟಗಿಗೆ ಹೋಗಿ ಬಂದಿದ್ದಳು. ವೀರಣ್ಣ ತೀರಿಕೊಂಡಿದ್ದಾನೆ. ಗಂಗಮ್ಮ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಕಣ್ಣು ಹೋಗಿವೆ, ದನಿಯ ಮೇಲೆ ರೇಣುಕಾಳ ಗುರುತು ಹಿಡಿದಳಂತೆ.

"ನಾ ಮಾಡಿದ್ದಕ್ಕ ನಾ ತಪ್ಪಾತು ಅಂದು ಬಂದೀನಿ," ಎಂದಳು. "ನಿನ್ನ ಹೆಸರು ಹೇಳ್ಲಿಲ್ಲ. ಅದು ನೀನಾ ಹೇಳಬೇಕು."

ಫೋನು ಇಟ್ಟಳು. ಅದಾದ ಮೇಲೆ ನಾನು ಮಾಡಿದರೆ ಎತ್ತುತ್ತಿಲ್ಲ.

ನಾಳೆ ಕಾರಟಗಿಗೆ ಹೋಗುತ್ತೇನೆ. ಸಣ್ಣವನಿದ್ದೆ ಎನ್ನಲು ಬರುವುದಿಲ್ಲ, ಆಗ ನನಗೆ ಹತ್ತೊಂಬತ್ತು. ತಿಳಿಯದೆ ಮಾಡಿದೆ ಎನ್ನಲೂ ಬರುವುದಿಲ್ಲ. ಗಂಗಮ್ಮನಿಗೆ ನನ್ನ ಮುಖ ಕಾಣುವುದಿಲ್ಲ, ದನಿ ನೆನಪಿರಲಿಕ್ಕಿಲ್ಲ. ಹಾಗಾಗಿ ಮೊದಲು ನನ್ನ ಹೆಸರು ಹೇಳಬೇಕು. ಆಮೇಲೆ, ಬಾಗಿಲಲ್ಲೇ ನಿಂತು, ಉಳಿದದ್ದು.